ಕೌದಿಯ ಮೂಲೆಯಲ್ಲಿಟ್ಟ ಬೆಲ್ಲ

ಔರಾದ ಕಡೆಯ ಆ ಹುಡುಗಿಯ ಕೌದಿಯೊಳಗೆ ಬೆಲ್ಲ ಇಟ್ಟು ಹೊಲಿದವಳು ನಾನು. ಸೋನಕ್ಕ ಅಲ್ಲ — ನಾನು, ನೌಬಾದದ ಶೋಭಾ. ಇಷ್ಟು ಸಣ್ಣ ಮಾತು ಹೇಳಲು ನನಗೆ ಆರು ವರ್ಷ ಬೇಕಾಯಿತು.

ಒಂದು ಚೂರು ಬೆಲ್ಲಕ್ಕೆ ಇಷ್ಟೆಲ್ಲ ಯಾಕೆ ಎಂದು ಓದಿದವರು ನಗಬಹುದು. ನಾನೂ ಹಾಗೇ ಅಂದುಕೊಂಡು ಬಹಳ ದಿನ ಹಾಯಾಗಿದ್ದೆ. ಹಾಯಾಗಿದ್ದೆ ಅನ್ನುವುದೂ ಸುಳ್ಳು, ಬಿಡಿ.

ನಮ್ಮ ಓಣಿಯ ಬುದ್ಧ ವಿಹಾರದ ಪಡಸಾಲೆಯಲ್ಲಿ ಭಾನುವಾರ ಮಧ್ಯಾಹ್ನ ನಾವೊಂದಿಷ್ಟು ಹೆಂಗಸರು ಕೂಡುತ್ತೇವೆ. ಹಳೆಯ ಮೆತ್ತನೆ ಸೀರೆಗಳನ್ನು ಕತ್ತರಿಸಿ, ಬೀದರಿನ ಒಂದು ದವಾಖಾನೆಯ ಮಕ್ಕಳ ವಾರ್ಡಿಗೆ ಗೊಂಬೆ, ಕುಂಚಿಗೆ, ಪುಟ್ಟ ಕೌದಿ ಹೊಲಿಯುತ್ತೇವೆ. ಕೈಗಿಂತ ಬಾಯಿಯೇ ಹೆಚ್ಚು ಓಡುತ್ತದೆ, ಆದರೂ ಹೇಗೋ ಕೆಲಸ ಮುಗಿಯುತ್ತದೆ. ಇದನ್ನೆಲ್ಲ ಶುರು ಮಾಡಿದವರು ಸೋನಕ್ಕ. ಭಾಲ್ಕಿಯವರು, ಆಗ ಕಿರಿಯ ಮಗನ ಜೊತೆ ನಮ್ಮ ಪಕ್ಕದ ಮನೆಯಲ್ಲೇ ಇದ್ದರು. ಸೂಜಿ ಹಿಡಿಯಲು ಬಾರದ ನನಗೆ ಕೌದಿ ಕಲಿಸಿದವರೂ ಅವರೇ.

ಕೌದಿ ಮುಗಿಯುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿಯನ್ನೋ ಬೆಲ್ಲವನ್ನೋ ಇಟ್ಟು ಹೊಲಿಯುವ ರೂಢಿ ನಮ್ಮಲ್ಲಿದೆ. ಕೌದಿಯ ಹೊಟ್ಟೆ ಖಾಲಿ ಇಡಬಾರದು ಅಂತ ಹಿರಿಯರ ಮಾತು. ಆದರೆ ದವಾಖಾನೆಯ ಕೌದಿಗಳ ವಿಷಯದಲ್ಲಿ ಸೋನಕ್ಕ ಬಲು ಕಟ್ಟುನಿಟ್ಟು. “ಇವಕ್ಕ ತುತ್ತು ಇಡಬ್ಯಾಡ್ರೆವ್ವಾ. ಇರುವಿ ಬರ್ತಾವ. ಕೂಸುಗಳು ಮೊದ್ಲೇ ನೊಂದಿರ್ತಾವ,” ಎಂದು ಪ್ರತಿ ಸಲ ಹೇಳುತ್ತಿದ್ದರು.

ಕೇಳಿಯೂ ಇಟ್ಟೆ. ಅದರ ಹಿಂದಿನ ವಾರ ಗೊಂಬೆ ಹಂಚಲು ಹೋದಾಗ, ಔರಾದ ಕಡೆಯ ಒಂದು ಹುಡುಗಿ ಊಟವನ್ನೇ ಮುಟ್ಟದೆ ಮಲಗಿತ್ತು. ಅದರ ಅವ್ವ ಕೈಯಲ್ಲಿ ತುತ್ತು ಹಿಡಿದು ಹಾಗೇ ಕೂತಿದ್ದಳು. “ಏನ್ ಕೊಟ್ರೂ ಒಲ್ಲೆ ಅಂತದರಿ,” ಎಂದಳು ನನ್ನ ಕಡೆ ನೋಡಿ. ಆ ಕೈ ನನ್ನ ತಲೆಯಿಂದ ಹೋಗಲಿಲ್ಲ. ಅದಕ್ಕೆಂದೇ ಕೌದಿ ಹೊಲಿಯುತ್ತ, ಕೌದಿ ಉಂಡರೆ ಕೂಸೂ ಉಂಡೀತು ಅಂತ ಏನೋ... ಯೋಚನೆಯೂ ಅಲ್ಲ, ಕೈ ತಾನೇ ಹೋಗಿ — ಇಲ್ಲ, ಕೈಯ ಮೇಲೆ ಹಾಕಬಾರದು. ಬೇಕೆಂತಲೇ ಇಟ್ಟೆ.

ಇರುವೆ ಬಂದವು. ಸಲೈನ್ ಹಚ್ಚಿದ ತೋಳನ್ನೆಲ್ಲ ಕಚ್ಚಿದವು. ಹುಡುಗಿ ಮುಂದೆ ಗುಣವಾಗಿ ಊರಿಗೆ ಹೋಯಿತು, ಅದು ಔಷಧದಿಂದ. ಆ ರಾತ್ರಿ ಉರಿ ತಾಳದೆ ಅತ್ತದ್ದು ಮಾತ್ರ ನನ್ನಿಂದ.

ಆ ಭಾನುವಾರ ವಾರ್ಡಿನ ಸಿಸ್ಟರ್ ಕೌದಿ ಹಿಡಿದುಕೊಂಡು ವಿಹಾರಕ್ಕೇ ಬಂದರು. ಮೂಲೆ ಬಿಚ್ಚಿ ತೋರಿಸಿ, “ಇದು ಯಾರ ಕೆಲಸರಿ?” ಎಂದರು. ಸೋನಕ್ಕ ಕೌದಿಯನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸಿ ನೋಡಿದರು. ನನ್ನ ಹೊಲಿಗೆ ಅವರದರ ಪಡಿಯಚ್ಚು — ಕಲಿಸಿದವರು ಅವರಲ್ಲವೇ.

“ಕೈ ನಂದೇ ಅದ,” ಎಂದರು. ಬಿಚ್ಚಿದ ಮೂಲೆಯ ಮೇಲೆ ಬೆರಳಾಡಿಸಿದರು. ಆಮೇಲೆ, “ನಾನೇ ಇಟ್ಟಿರಬೇಕ್ರಿ. ನೆನಪಿಲ್ಲ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ. ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತ ಕೂತೆ. ಸಿಸ್ಟರ್ ಇನ್ನು ಮೇಲೆ ಕೌದಿ ಬೇಡವೇ ಬೇಡ ಎಂದು ಹೇಳಿ ಹೋದರು. ಸದ್ಯ, ಪಾರಾದೆ ಅನ್ನಿಸಿತು ನನಗೆ.

ಸೋನಕ್ಕ ಮತ್ತೆ ವಿಹಾರಕ್ಕೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಭಾಲ್ಕಿಯ ದೊಡ್ಡ ಮಗನ ಮನೆಗೆ ಹೋಗಿಬಿಟ್ಟರು. ನಾಚಿಕೆಯಾಗಿರಬೇಕು ಪಾಪ, ಎಂದೆವು. ಆಮೇಲೆ ನಮ್ಮಲ್ಲೊಂದು ಮಾತು ಹುಟ್ಟಿಕೊಂಡಿತು. ಯಾರಾದರೂ ಗೊಂಬೆಯಲ್ಲಿ ಸೂಜಿ ಮರೆತರೆ, ಕುಂಚಿಗೆ ತಿರುವುಮುರುವು ಹೊಲಿದರೆ — “ಸೋನಕ್ಕನಂಗ ಮಾಡಬ್ಯಾಡ್ರಿ ಮತ್ತ!” ಎಲ್ಲರೂ ನಗುವರು. ನಾನೂ ನಕ್ಕಿದ್ದೇನೆ. ಬೆಲ್ಲ ಇಟ್ಟದ್ದಕ್ಕಿಂತ ಆ ನಗು ದೊಡ್ಡ ತಪ್ಪು.

ಹೋದ ತಿಂಗಳು ಹೊಸ ಸಿಸ್ಟರ್ ಒಬ್ಬರು ಬಂದು, ಚೆನ್ನಾಗಿ ಒಗೆದು ಕೊಡುವುದಾದರೆ ಕೌದಿ ಹೊಲಿಯಿರಿ ಎಂದರು. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಸೋನಕ್ಕನ ಮುಖವನ್ನೇ ನೋಡದ ಹೊಸ ಸೊಸೆಯೊಬ್ಬಳು ಮುಗ್ಧವಾಗಿ ಕೇಳಿದಳು: “ಸೋನಕ್ಕನಂಗ ಮಾಡಬಾರದು, ಅಷ್ಟೇ ಅಲ್ಲೇನ್ರಿ?”

ಮರುದಿನ ಬೆಳಿಗ್ಗೆ ಭಾಲ್ಕಿ ಬಸ್ಸು ಹತ್ತಿದೆ.

ಸೋನಕ್ಕ ಕಟ್ಟೆಯ ಮೇಲೆ ಕೂತಿದ್ದರು, ಕೈ ಎರಡೂ ಮಡಿಲಲ್ಲಿ. ಆ ಕೈಗಳು ಖಾಲಿ ಇದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ.

“ಅಕ್ಕಾ, ಆ ಬೆಲ್ಲ ಇಟ್ಟಾಕಿ ನಾನ್ರಿ. ನೀವಲ್ಲ.”

ಬೈಗುಳಕ್ಕೆ ಕಾದೆ.

“ಇನ್ನೊಮ್ಮೆ ಹೇಳು.”

ಹೇಳಿದೆ.

“ಅಂದ್ರ... ನಾ ಮರ್ತಿದ್ದಿಲ್ಲ?”

ಆಗ ಒಂದೊಂದೇ ಹೊರಬಿತ್ತು. ಅವತ್ತು ಅವರು ಯಾರನ್ನೂ ಕಾಯಲು ತಪ್ಪು ಒಪ್ಪಿಕೊಂಡಿರಲಿಲ್ಲ. ನಿಜವಾಗಿಯೂ ತಾನೇ ಇಟ್ಟು ಮರೆತಿದ್ದೇನೆ ಎಂದು ನಂಬಿದ್ದರು. ತನಗೆ ಗೊತ್ತಿಲ್ಲದೆ ತನ್ನ ಕೈ ಏನೇನೋ ಮಾಡುತ್ತದೆ, ತಲೆ ಕೆಡುತ್ತಿದೆ ಎಂದು ಹೆದರಿ ಸೂಜಿ ಬಿಟ್ಟರು. ಆರಿಸುವುದು ಮರೆತೇನೆಂದು ಗ್ಯಾಸ್ ಹಚ್ಚುವುದು ಬಿಟ್ಟರು. ಮೊಮ್ಮಗಳನ್ನು ಒಬ್ಬರೇ ಎತ್ತಿಕೊಳ್ಳುವುದನ್ನೂ ಬಿಟ್ಟರು. ಗುಳಿಗೆ ನುಂಗಿ ಆದಮೇಲೂ, “ನುಂಗೀನೇನವ್ವ?” ಎಂದು ಸೊಸೆಯನ್ನು ಕೇಳುತ್ತಿದ್ದರಂತೆ. ನಾನು ಅವರ ಹೆಸರು ಕೆಡಿಸಿದೆ ಅಂತಷ್ಟೇ ತಿಳಿದಿದ್ದೆ. ಅವರಿಗೆ ಅವರ ಮೇಲೇ ಇದ್ದ ನಂಬಿಕೆಯನ್ನು ಕಸಿದುಕೊಂಡಿದ್ದೆ. ಅದನ್ನು ಕೇಳುತ್ತ ನನಗೆ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ಬೆನ್ನಿಗೆ ಒಂದು ಬಿತ್ತು — ಜೋರಾಗಿಯೇ. ಆಮೇಲೆ ಅವರು ನಗತೊಡಗಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ.

“ನನ್ನ ತಲಿ ಸರಿ ಅದಲ್ಲೇ, ಹಾಟ್ಯಾನಕಿ! ನನ್ನ ತಲಿ ಸರಿ ಅದ!”

ನಾನೂ ಅತ್ತೆ. ನಾಚಿಕೆ ಬಿಟ್ಟು ಇನ್ನೊಂದನ್ನೂ ಹೇಳಬೇಕು — ನನಗೆ ಹಗುರವಾಯಿತು. ತುಂಬ ಹಗುರವಾಯಿತು. ಹಾಗಾಗಲು ನನಗೆ ಹಕ್ಕಿರಲಿಲ್ಲ, ಗೊತ್ತು. ಆದರೂ ಎದೆ ತುಂಬ ಉಸಿರು ಬಂತು. ಬರುವ ಭಾನುವಾರ ವಿಹಾರದಲ್ಲಿ ಎಲ್ಲರೆದುರು ಹೇಳುತ್ತೇನೆ ಎಂದೆ. ಮಾಫಿ ಮಾಡ್ರಿ ಅಕ್ಕಾ, ಎಂದು ಕಾಲು ಹಿಡಿಯಲು ಬಗ್ಗಿದೆ.

ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. “ಮಾಫಿ ಆಮ್ಯಾಲ ನೋಡೋಣ. ಮೊದ್ಲ ಒಳಗ ಹೋಗಿ ನನ್ನ ಸೊಸಿಗಿ ಹೇಳು.”

ಒಳಗೆ ಸೊಸೆ ವನಿತಾ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಹೇಳತೊಡಗಿದೆ. ಅವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು.

ಹೊರಗಿನಿಂದ ಸೋನಕ್ಕ ಕೂಗಿದರು: “ಜೋರ್ ಹೇಳು! ನನಗೂ ಕೇಳ್ಲಿ!”

ಮೊದಲಿನಿಂದ ಹೇಳಿದೆ, ಪಕ್ಕದ ಮನೆಯವರಿಗೂ ಕೇಳುವಷ್ಟು ಜೋರಾಗಿ.