ಸರ್ವಾನುಮತದಿಂದ

ನೋಟಿಸ್ ಬೋರ್ಡಿನ ಮುಂದೆ ನಿಂತು ಆ ಹಾಳೆಯನ್ನು ಎರಡು ಸಲ ಓದಿದೆ. ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುವ ಕೆಲಸ ಮಾಡುವವಳಿಗೆ ಅದು ಅಭ್ಯಾಸ. ‘ಒಂಟಿಯಾಗಿರುವ ಮಹಿಳೆಯರ ಮನೆಗೆ ಬರುವ ಪುರುಷರು ಸಮಿತಿಯ ಒಪ್ಪಿಗೆ ಪಡೆಯತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’

ಹೊರಮಾವಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿರುವ ಮಹಿಳೆ ನಾನೊಬ್ಬಳೇ. ಬಹುವಚನ ಬರೀ ಮರ್ಯಾದೆಗೆ. ಹಿಂದಿನ ದಿನದ ಸಭೆಯಲ್ಲಿ ಎದ್ದು ನಿಂತು ಬೇಡ ಎಂದವಳೂ ನಾನೇ.

ಕಾರ್ಯದರ್ಶಿಯ ಬಾಗಿಲು ತಟ್ಟಿದೆ.

‘ಸರ್, ಬಹುಮತದಿಂದ ಅಂತ ತಿದ್ದಿ. ನಾನು ಒಪ್ಪಿಲ್ಲ.’

‘ಅಯ್ಯೋ ಮೇಡಂ, ಒಬ್ರು ಬೇಡ ಅಂದ್ರೆ ಅದನ್ನೆಲ್ಲ ಬರೀತಾರಾ? ನಾವೆಲ್ಲ ಒಂದು ಫ್ಯಾಮಿಲಿ ತರ.’

‘ಫ್ಯಾಮಿಲೀಲೂ ಬೇಡ ಅನ್ನೋರು ಇರ್ತಾರೆ.’

‘ನೀರು ನುಗ್ಗಿದಾಗ ನಿಮ್ಮ ಸ್ಕೂಟರ್ ಮೇಲಕ್ಕೆ ತಂದಿದ್ದು ಯಾರು? ಇದೇ ಫ್ಯಾಮಿಲಿ.’

ನಿಜ. ಬೇಸ್‌ಮೆಂಟಿನಲ್ಲಿ ಸೊಂಟದ ತನಕ ನೀರಿದ್ದಾಗ ಅವರೂ ಇಳಿದಿದ್ದರು. ಕರೆಂಟಿಲ್ಲದೆ ಇಂಡಕ್ಷನ್ ಒಲೆಗಳು ಹತ್ತದ ಆ ವಾರ ನನ್ನ ಗ್ಯಾಸ್ ಒಲೆಯ ಮೇಲೆ ಅಕ್ಕಪಕ್ಕದ ಮನೆಗಳಿಗೆಲ್ಲ ಚಪಾತಿ ಬೆಂದಿತ್ತು. ಅದು ನನಗೆ ಇಷ್ಟವಾಗಿತ್ತು. ಅದಕ್ಕೇ ಈಗ ಸಿಟ್ಟು ಹೆಚ್ಚು. ಸ್ಕೂಟರ್ ಎತ್ತಿದ ಕೈಗೆ ನನ್ನ ಬಾಗಿಲಿನ ಚಿಲಕವನ್ನೂ ಒಪ್ಪಿಸಬೇಕೆಂದು ಅಂದು ಯಾರೂ ಹೇಳಿರಲಿಲ್ಲ.

ಕೆಳಗಿಳಿದು, ಪೆನ್ನು ತೆಗೆದು ಹಾಳೆಯಲ್ಲಿದ್ದ ‘ಸರ್ವಾನುಮತದಿಂದ’ ಹೊಡೆದುಹಾಕಿ, ಮೇಲೆ ‘ಬಹುಮತದಿಂದ’ ಎಂದು ಬರೆದೆ. ಸಂಜೆಗೆ ಹೊಸ ಹಾಳೆ ಬಂತು, ಹಳೆಯ ಪದದೊಂದಿಗೆ. ಅದನ್ನೂ ತಿದ್ದಿದೆ.

ಭಾನುವಾರ ಹುಬ್ಬಳ್ಳಿಯಿಂದ ಅಣ್ಣ ಬಂದ. ಕರೆತರಲು ಗೇಟಿಗೆ ಹೋದರೆ ಕಾರ್ಯದರ್ಶಿ ಅಡ್ಡ ನಿಂತಿದ್ದರು.

‘ಇವ್ರು ನಿಮಗೆ ಏನಾಗ್ಬೇಕು ಮೇಡಂ?’

ಅಣ್ಣ ನಕ್ಕ. ‘ನಾನೇನ್ರೀ? ನಾ ಇಕಿ...’

‘ಸುಮ್ನಿರು,’ ಎಂದೆ. ‘ನನ್ನ ಮನೆಗೆ ಬಂದೋರು, ಸರ್. ಅಷ್ಟೇ.’

ಅಣ್ಣನ ಬ್ಯಾಗನ್ನು ನಾನೇ ಎತ್ತಿಕೊಂಡು ಅವರನ್ನು ದಾಟಿ ನಡೆದೆ. ಅವರು ತಡೆಯಲಿಲ್ಲ. ‘ವಾಟ್ಸಾಪ್ ಗ್ರೂಪಲ್ಲಿ ಹಾಕ್ತೀನಿ,’ ಎಂದಿದ್ದು ಹಿಂದಿನಿಂದ ಕೇಳಿಸಿತು.

ಲಿಫ್ಟಿನಲ್ಲಿ ಅಣ್ಣನ ಮುಖ ಗಂಟಾಗಿತ್ತು. ‘ಅಣ್ಣ ಅಂದಿದ್ರ ನಿಂದೇನ್ ಹೋಗ್ತಿತ್ತವಾ? ಸುಮ್ಕ ಬಿಡ್ತಿದ್ರು.’

‘ಬಿಡ್ತಿದ್ರು. ಮುಂದಿನ ವಾರ ಆಫೀಸಿನವರು ಊಟಕ್ಕ ಬರಾವ್ರದಾರ. ಅವರನ್ನೂ ಅಣ್ಣ ಅನ್ಲೇನು?’