ಫೋನಿನಲ್ಲಿ ಹೇಳಿದ ದೇಶ

ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್ ಆಗಿದ್ದರು. ಹೀಗೆಂದರೆ ಬಹಳ ಜನಕ್ಕೆ ಏನೂ ತಿಳಿಯುವುದಿಲ್ಲ. ಕಬ್ಬಿನ ರಸವನ್ನು ಕಾಯಿಸಿ ಗಟ್ಟಿ ಮಾಡಿದ ಮೇಲೆ ಅದನ್ನು ಮನೆಯಷ್ಟು ಎತ್ತರದ ಒಂದು ಕಬ್ಬಿಣದ ಪಾತ್ರೆಗೆ ಬಿಟ್ಟು, ಕುದಿಸಿ, ಸಕ್ಕರೆಯ ಕಾಳು ಕಟ್ಟಿಸಬೇಕು. ಆ ಪಾತ್ರೆಯೇ ಪ್ಯಾನು, ಅದರ ಮುಂದೆ ನಿಲ್ಲುವವನು ಪ್ಯಾನ್‌ಮನ್. ಕಾಳು ಸಣ್ಣದಾದರೂ, ಒಂದಕ್ಕೊಂದು ಅಂಟಿಕೊಂಡರೂ ಬೈಗುಳ ತಿನ್ನುವವನು ಅವನೇ. ಈ ಕೆಲಸ ಬಲ್ಲವರಿಗೆ ತೊಂಬತ್ತರ ದಶಕದಲ್ಲಿ ಆಫ್ರಿಕಾದ ಕಡೆ ಒಳ್ಳೆಯ ಬೇಡಿಕೆ ಇತ್ತು. ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಕಡೆಯಿಂದ ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದರು.

ನಾನು ಮನೋಳಿಯ ಹುಡುಗಿ. ಸವದತ್ತಿಯಲ್ಲಿ ಪಿಯುಸಿ ಓದಿ, ಬೈಲಹೊಂಗಲಕ್ಕೂ ಕಿತ್ತೂರಿಗೂ ನಡುವಿನ ಒಂದು ಹಳ್ಳಿಗೆ ಕಿರಿಯ ಸೊಸೆಯಾಗಿ ಬಂದೆ. ಮನೆಯಲ್ಲಿ ಅತ್ತೆ, ಭಾವ, ಅವರ ಹೆಂಡತಿ ಎಂದರೆ ನನ್ನ ನೆಗೆಣ್ಣಿ, ಅವರ ಮಕ್ಕಳು ಇದ್ದರು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹೊಲವೂ ಇತ್ತು, ಎಮ್ಮೆಗಳೂ ಇದ್ದವು. ಊಟಕ್ಕೆ ಬಟ್ಟೆಗೆ ಕೊರತೆ ಇರಲಿಲ್ಲ, ಸೊಸೆಯನ್ನು ಯಾರೂ ಹೊಡೆದು ಬಡಿದು ಮಾಡುವವರೂ ಅಲ್ಲ. ಇಲ್ಲದ್ದು ಒಂದೇ, ಗಂಡ. ಕಬ್ಬು ನುರಿಸುವ ಹಂಗಾಮಿನಲ್ಲಿ ಅವರಿಗೆ ಪಾಳಿ ಕೆಲಸ. ನಾನು ಎದ್ದಾಗ ಅವರು ಮಲಗುತ್ತಿದ್ದರು, ನಾನು ಮಲಗುವ ಹೊತ್ತಿಗೆ ಸೈಕಲ್ ಹತ್ತುತ್ತಿದ್ದರು. ಇಲ್ಲಿನ ಹಂಗಾಮು ಮುಗಿದರೆ ತಮಿಳುನಾಡಿನ ಕಾರ್ಖಾನೆಗಳಿಗೆ ಹೋಗುತ್ತಿದ್ದರು, ಅಲ್ಲಿ ಬೇಸಿಗೆಯಲ್ಲೂ ಕಬ್ಬು ನುರಿಸುತ್ತಾರೆ. ಮಗಳು ಹುಟ್ಟಿ ಮಾತು ಕಲಿತಾಗ ಅಪ್ಪನನ್ನು ನೋಡಿ ಮಾಮಾ ಎಂದಳು. ಮನೆಮಂದಿಯೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಗಂಡನ ಜೊತೆ ಒಂದು ಮನೆ ಮಾಡಬೇಕು, ಅದರ ಕೀಲಿ ನನ್ನ ಸೊಂಟದಲ್ಲಿರಬೇಕು. ನನಗೆ ಬೇಕಾಗಿದ್ದುದು ಇಷ್ಟು. ಆದರೆ ನಮ್ಮ ಮನೆಯಲ್ಲಿ ಇದು ಬಾಯಿಬಿಟ್ಟು ಹೇಳುವ ಮಾತಾಗಿರಲಿಲ್ಲ. ಸೊಸೆ ಸೀರೆ ಬೇಕು ಎನ್ನಬಹುದು, ತವರಿಗೆ ಹೋಗಬೇಕು ಎನ್ನಬಹುದು, ಗಂಡ ಬೇಕು ಎಂದರೆ ನಾಚಿಕೆಗೇಡು.

ಪುಣೆಯಲ್ಲಿ ಒಬ್ಬ ಏಜೆಂಟರಿದ್ದರು. ಅವರೂ ಮೊದಲು ಸಕ್ಕರೆ ಕಾರ್ಖಾನೆಯಲ್ಲೇ ಇದ್ದವರು, ಬೆಳಗಾವಿ ಕಡೆಯವರು, ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು. ನನ್ನ ಗಂಡ ಅವರಲ್ಲಿಗೆ ಹೋಗಿ ಸಂದರ್ಶನ ಕೊಟ್ಟು ಬಂದರು. ಒಂದು ಕಡೆಯಿಂದಾದರೂ ಕರೆ ಬಂದರೆ ಸಾಕು ಎಂದುಕೊಂಡಿದ್ದೆವು, ಎರಡು ಕಡೆಯಿಂದ ಬಂತು. ಒಂದು ಸುಡಾನ್, ಇನ್ನೊಂದು ಕೀನ್ಯಾ. ಸುಡಾನಿನ ಕೆಲಸಕ್ಕೆ ಪಗಾರ ಹೆಚ್ಚು, ಆದರೆ ಆ ಕಾರ್ಖಾನೆಯವರು ಗಂಡಸರನ್ನು ಮಾತ್ರ ಕರೆಸಿಕೊಳ್ಳುತ್ತಿದ್ದರು. ಹೆಂಡತಿ ಮಕ್ಕಳು ಊರಲ್ಲಿ, ವರ್ಷಕ್ಕೊಮ್ಮೆ ರಜೆ. ಕೀನ್ಯಾದಲ್ಲಿ ಪಗಾರ ಕಡಿಮೆ, ಆದರೆ ಕುಟುಂಬಕ್ಕೆ ಕ್ವಾರ್ಟರ್ಸ್ ಕೊಡುತ್ತಾರೆ, ಮಕ್ಕಳಿಗೆ ಶಾಲೆ ಇದೆ, ಕೆಲಸ ಸರಿಯಾಗಿ ಮಾಡಿದರೆ ಅಲ್ಲೇ ಉಳಿದುಬಿಡಬಹುದು.

ಎರಡು ದೇಶಗಳನ್ನು ನಮ್ಮ ಮನೆಯವರು ಎರಡು ಕನ್ಯೆಗಳನ್ನು ತೂಗುವ ಹಾಗೆ ತೂಗಿದರು. ರಾಮದುರ್ಗದಿಂದ ಗಂಡನ ಸೋದರಮಾವ ಬಂದರು. ಅಲ್ಲಿ ಅವರದು ಸೀರೆ ವ್ಯಾಪಾರ, ಯಾವುದನ್ನೂ ಮಡಿಕೆ ಬಿಚ್ಚಿ ನೋಡದೆ ಒಪ್ಪುವವರಲ್ಲ. ಸುಡಾನಿನಲ್ಲಿ ಯುದ್ಧ ನಡೆದಿದೆಯಂತಲ್ಲ ಎಂದು ಅವರು ಕೇಳಿದರು. ಅದು ಬೇರೆ ದಿಕ್ಕಿಗೆ, ಕಾರ್ಖಾನೆ ಇರುವುದು ಈ ದಿಕ್ಕಿಗೆ ಎಂದು ಭಾವ ಅಂಗೈ ಮೇಲೆ ಬೆರಳಿಟ್ಟು ತೋರಿಸಿದರು, ತಾವೇ ಹೋಗಿ ಬಂದವರಂತೆ. ಕೀನ್ಯಾದಲ್ಲಿ ಸಿಂಹ ಇರುತ್ತವೆ ಎಂದು ನೆಗೆಣ್ಣಿ ಹೇಳಿದಳು. ಯುದ್ಧಕ್ಕಿಂತ ಸಿಂಹದ ಮೇಲೆಯೇ ಮಾತು ಹೆಚ್ಚು ಹೊತ್ತು ನಡೆಯಿತು. ನಾನು ಚಹಾ ಕೊಟ್ಟು ಬಂದು ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಬಾರದು ಎಂದೇನಲ್ಲ, ಅವರಿಗೆ ಹೊಳೆಯಲಿಲ್ಲ.

ನನ್ನ ಗಂಡನನ್ನು ಕೇಳಿದರು. ಅವರು ನೀವು ಹೇಳಿದ ಹಾಗೆ ಎಂದರು. ಅವರ ಸ್ವಭಾವವೇ ಹಾಗೆ. ಅಣ್ಣನ ಎದುರು ಕೂತರೆ ಅವರಿಗೆ ಸ್ವಂತ ಅಭಿಪ್ರಾಯ ಅನ್ನುವುದು ಗಂಟಲಿನಿಂದ ಮೇಲೆ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅಧಿಕಾರಿಗಳ ಜೊತೆ ಜಗಳ ಆಡಿ ಬರುವ ಮನುಷ್ಯ, ಮನೆಯ ಪಡಸಾಲೆಯಲ್ಲಿ ಕಾಲ ಹೆಬ್ಬೆರಳು ನೋಡುತ್ತ ಕೂತಿರುತ್ತಿದ್ದರು.

ಕೊನೆಗೆ ಅತ್ತೆ ದೇವರನ್ನು ಕೇಳೋಣ ಎಂದರು. ನಮ್ಮ ಮನೆಯ ಪದ್ಧತಿ ಅದು. ದೇವರಮನೆಯ ಜಗಲಿಯ ಮೇಲಿನ ಮೂರ್ತಿಗೆ ಎಡಕ್ಕೊಂದು ಬಲಕ್ಕೊಂದು ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸುವುದು, ಯಾವುದು ಮೊದಲು ಬೀಳುತ್ತದೋ ಅದು ದೇವರ ಅಪ್ಪಣೆ. ಬಲಗಡೆಯದು ಬಿದ್ದರೆ ಶುಭ ಎಂದು ಎಲ್ಲರಿಗೂ ಗೊತ್ತು. ಅತ್ತೆ ಬಲಕ್ಕೆ ಸುಡಾನ್, ಎಡಕ್ಕೆ ಕೀನ್ಯಾ ಎಂದು ಹೇಳಿಕೊಂಡು ಹೂ ಹಚ್ಚಿದರು. ಯಾವ ದೇಶವನ್ನು ಬಲಗಡೆ ಇಡಬೇಕು ಎನ್ನುವುದನ್ನು ಮಾತ್ರ ದೇವರಿಗೆ ಬಿಡಲಿಲ್ಲ. ಎಲ್ಲರೂ ಕೈಮುಗಿದು ನಿಂತೆವು. ಬಲಗಡೆಯ ಹೂವು ಬಿತ್ತು. ಅತ್ತೆ ನನ್ನ ಕೈಗೂ ಸಕ್ಕರೆ ಹಾಕಿದರು, ನಾನು ತಿಂದೆ.

ಏಜೆಂಟರು ಗುರುವಾರ ಮಧ್ಯಾಹ್ನ ಫೋನ್ ಮಾಡುವುದೆಂದು ಮಾತಾಗಿತ್ತು. ಊರಲ್ಲಿ ಆಗ ಫೋನ್ ಇದ್ದುದು ಬಸ್‌ಸ್ಟ್ಯಾಂಡಿನ ಕಿರಾಣಿ ಅಂಗಡಿಯಲ್ಲಿ. ಆ ವಾರ ನನ್ನ ಗಂಡನದು ಹಗಲು ಪಾಳಿ, ಮಧ್ಯಾಹ್ನ ಸ್ವಲ್ಪ ಹೊತ್ತು ಬಿಡಿಸಿಕೊಂಡು ಬರುತ್ತೇನೆ ಎಂದು ಹೋಗಿದ್ದರು. ಭಾವ ಹತ್ತಿ ಮಾರಲು ಬೈಲಹೊಂಗಲಕ್ಕೆ ಹೋಗಿದ್ದರು. ಹೊತ್ತಾಯಿತು, ಗಂಡ ಬರಲಿಲ್ಲ. ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನ ಚಾಲಕ ಮನೆಯ ಮುಂದೆ ಗಾಡಿ ನಿಲ್ಲಿಸಿ ಅವರ ಮಾತು ಮುಟ್ಟಿಸಿದ.

"ಪ್ಯಾನ್ ಬಿಟ್ಟು ಬರಾಕ ಆಗೂದಿಲ್ಲಂತ್ರಿ ಅಕ್ಕಾ. ಫೋನ್ ನೀವ ತಗೋಬೇಕಂತ."

ಏನು ಹೇಳಬೇಕು ಎಂದು ಅವರು ಹೇಳಿ ಕಳಿಸಿರಲಿಲ್ಲ. ಹೇಳುವುದೇನಿತ್ತು, ದೇವರು ಹೇಳಿ ಆಗಿತ್ತಲ್ಲ. ನಾನು ಸೆರಗು ಸರಿಮಾಡಿಕೊಂಡು, ಮಗಳನ್ನು ಎತ್ತಿಕೊಂಡು ಅಂಗಡಿಗೆ ಹೋದೆ. ದಾರಿಯಲ್ಲಿ ಯಾವ ಯೋಚನೆಯನ್ನೂ ಮಾಡಲಿಲ್ಲ. ಸುಡಾನ್ ಎಂದು ಹೇಳಿ ಬರುವುದು, ಬಂದು ರೊಟ್ಟಿ ಬಡಿಯುವುದು. ಫೋನ್ ಬಂತು. ಏಜೆಂಟರು ಯಾರು ಮಾತಾಡುವುದು ಎಂದು ಕೇಳಿದರು, ಹೇಳಿದೆ. ಅವರು ಅವಸರದಲ್ಲಿದ್ದರು. ಎರಡರಲ್ಲಿ ಯಾವುದು ಎಂದು ಈಗಲೇ ಹೇಳಬೇಕು, ಬಿಟ್ಟ ಜಾಗಕ್ಕೆ ಇನ್ನೊಬ್ಬ ಕಾದು ಕೂತಿದ್ದಾನೆ ಎಂದರು.

ಮಗಳು ಅಂಗಡಿಯ ಬರಣಿಯತ್ತ ಕೈಚಾಚುತ್ತಿದ್ದಳು. ನಾನು ಕೀನ್ಯಾ ಎಂದೆ.

ಅವರು ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಅದನ್ನೇ ಹೇಳಿದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು, ಆದರೆ ನಡುಗಲಿಲ್ಲ.

ಪಾಳಿ ಮುಗಿಸಿ ಗಂಡ ಬಂದರು. ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ನೀರು ಹಾಕುತ್ತ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಹೌದಾ ಎಂದರು, ಟವೆಲ್ ಕೇಳಿದರು. ಬೈದವರು ಭಾವ. ಅವರು ಓಡಿಹೋಗಿ ಪುಣೆಗೆ ಫೋನ್ ಮಾಡಿಸಿದರು, ಆಗಲೇ ಸುಡಾನಿನ ಜಾಗ ತುಂಬಿಹೋಗಿತ್ತು. ನನ್ನ ಗಂಡ ಪಡಸಾಲೆಯಲ್ಲಿ ಕೂತು, ಆಕೆ ಹೇಳಿಬಿಟ್ಟಿದ್ದಾಳೆ, ಇನ್ನೇನು ಮಾಡುವುದು ಎಂದರು. ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಅತ್ತೆ ಒಂದೇ ಮಾತು ಅಂದರು, ದೇವರ ಮಾತು ಮೀರಿದವಳು ಎಂದು. ಆ ಹೆಸರು ನನಗೆ ಖಾಯಂ ಆಯಿತು.

ಕೀನ್ಯಾ ಬಗ್ಗೆ ಊರಿನವರು ಕೇಳಿದಾಗ ನಾನು ಸಿಂಹ ನೋಡಿದ್ದೇನೆ ಎಂದೇ ಹೇಳುತ್ತೇನೆ, ಕೇಳುವವರಿಗೆ ಅದೇ ಬೇಕು. ನಿಜವಾಗಿ ನಾನು ನೋಡಿದ್ದು ಕಬ್ಬು. ಪಶ್ಚಿಮದ ದೊಡ್ಡ ಕೆರೆಯ ಕಡೆಯ ಊರು ಅದು, ಕೆಂಪು ಮಣ್ಣು, ಬಹುತೇಕ ದಿನ ಮಧ್ಯಾಹ್ನದ ಮಳೆ, ಕಣ್ಣು ಹೋದಷ್ಟು ದೂರ ಕಬ್ಬು. ತಗಡಿನ ಮಾಡಿನ ಎರಡು ಕೋಣೆಯ ಕ್ವಾರ್ಟರ್ಸು. ಕೀಲಿಯನ್ನು ಮೊದಲ ದಿನವೇ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಜೋಳ ಅಲ್ಲಿಯೂ ಸಿಗುತ್ತಿತ್ತು, ಬಣ್ಣ ಮಾತ್ರ ಕೆಂಪು. ಮೊದಲ ರೊಟ್ಟಿಯನ್ನು ಇಬ್ಬರೂ ತಿರುಗಿಸಿ ತಿರುಗಿಸಿ ನೋಡಿದೆವು, ಆಮೇಲೆ ತಿಂದೆವು. ಮಗಳು ಶಾಲೆಗೆ ಹೋಗತೊಡಗಿದಳು, ಆ ಕಡೆಯ ಭಾಷೆ ನಮಗಿಂತ ಮೊದಲು ಕಲಿತಳು. ಮಗ ಅಲ್ಲಿಯೇ ಹುಟ್ಟಿದ. ಗಂಡ ಹೆಂಡತಿ ನಾವು ಅಲ್ಲಿ ಜಗಳವನ್ನೂ ಕಲಿತೆವು. ಒಂದೇ ಮನೆಯಲ್ಲಿ ದಿನಾಲೂ ಇರುವವರು ಮಾಡುವ ಜಗಳ, ಉಪ್ಪಿಗೆ, ಚಪ್ಪಲಿಗೆ, ರೇಡಿಯೋಕ್ಕೆ. ನಾನು ಸುಖವಾಗಿದ್ದೆ. ಇದನ್ನು ಹೇಳಲು ಬೇರೆ ಮಾತು ಹುಡುಕುವ ಅಗತ್ಯವಿಲ್ಲ.

ಎರಡು ವರ್ಷಕ್ಕೊಮ್ಮೆ ಊರಿಗೆ ಹೋದಾಗ ಮಾತ್ರ ಹಳೆಯದನ್ನು ಎತ್ತುತ್ತಿದ್ದರು. ಸವದತ್ತಿಯಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ನನಗೆ ಗುರುತೇ ಇಲ್ಲದ ಹೆಂಗಸೊಬ್ಬಳು, ಫೋನಿನಲ್ಲಿ ದೇಶ ಆರಿಸಿದವಳು ನೀನೇ ಅಲ್ಲವೇ ಎಂದು ಕೇಳಿದಳು. ಗಂಡ ಪಕ್ಕದ ಸಾಲಿನಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಅವರಿಗೂ ಕೇಳಿಸಿತು. ತುಪ್ಪ ಸಾಕು ಎಂದರು.

ಇನ್ನು ಹೇಳುವುದು ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಕೀನ್ಯಾದ ಆ ಕಾರ್ಖಾನೆಯಲ್ಲಿ ಒಂದು ದಿನ ಕುಟುಂಬದವರಿಗೆ ಒಳಗೆ ಬಂದು ನೋಡಲು ಬಿಟ್ಟರು. ನನ್ನ ಗಂಡ ಮಕ್ಕಳಿಗೆ ಪ್ಯಾನು ತೋರಿಸುತ್ತಿದ್ದರು. ಒಂದು ಸಣ್ಣ ಗಾಜಿನ ಮೇಲೆ ಬಿಸಿ ಪಾಕ ಸವರಿ ಬೆಳಕಿಗೆ ಹಿಡಿದು ಕಾಳು ಹೇಗಿದೆ ನೋಡಿ ಎಂದರು. ಅಷ್ಟರಲ್ಲಿ ಯಾರೋ ಕರೆದರು. ಅವರು ಒಂದು ಚಕ್ರ ತಿರುಗಿಸಿ, ಇನ್ನೊಂದನ್ನು ತಿರುಗಿಸಿ, ಸಹಾಯಕನಿಗೆ ಏನೋ ಹೇಳಿ ಹೊರಟರು. ಬಿಟ್ಟು ಹೋಗಬಹುದೇ ಎಂದು ಮಗಳು ಕೇಳಿದಳು. ಪಾಕ ನಿಲ್ಲಿಸಿ ನೀರು ಕೊಟ್ಟರೆ ಪ್ಯಾನು ಇದ್ದ ಹಾಗೆ ಇರುತ್ತದೆ, ಚಹಾ ಕುಡಿದು ಬರಬಹುದು, ಊಟ ಮಾಡಿಯೂ ಬರಬಹುದು, ಎಲ್ಲ ಕಡೆಯೂ ಹೀಗೇ ಮಾಡುವುದು ಎಂದು ಅವರು ಮಗಳಿಗೆ ತಿಳಿಸಿ ಹೇಳಿದರು. ಹೇಳಿದ ಮೇಲೆ ನನ್ನ ಮುಖ ನೋಡಿದರು.

ಮನೆಗೆ ಬರುವ ದಾರಿಯಲ್ಲಿ ಮಕ್ಕಳು ಮುಂದೆ ಓಡಿದರು. ನಾನು ಕೇಳಿದೆ.

"ಅವತ್ತ ಫೋನಿಗೆ ನೀವ ಬರಬಹುದಿತ್ತಲ್ರಿ?"

ಅವರು ಸುಳ್ಳು ಹೇಳಲಿಲ್ಲ. "ಬರಬಹುದಿತ್ತು," ಎಂದರು. ಸ್ವಲ್ಪ ದೂರ ನಡೆದ ಮೇಲೆ ಉಳಿದದ್ದನ್ನು ಹೇಳಿದರು. "ನಾ ಬಂದಿದ್ರ ಸುಡಾನ್ ಅಂತಿದ್ದೆ."

ನನಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದು ಮೊದಲು ಎಂದು ತಿಳಿಯಲಿಲ್ಲ. ಅವರಿಗೂ ನನ್ನ ಜೊತೆ ಇರಬೇಕೆಂದೇ ಇತ್ತು. ಅದನ್ನು ಹೇಳುವ ಧೈರ್ಯ ತಮಗಿಲ್ಲ, ನನಗಿದೆ ಎಂದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಸರಿ, ಗೊತ್ತಿರಲಿ. ಆದರೆ ಬೈಗುಳ ಇಷ್ಟು ವರ್ಷ ನಾನೊಬ್ಬಳೇ ತಿಂದೆನಲ್ಲ. ಆ ವಾರ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ, ಊಟ ಮಾತ್ರ ಬಡಿಸಿದೆ. ಮುಂದಿನ ರಜೆಗೆ ಹೋದಾಗ ಅವ್ವನಿಗೆ ಹೇಳುತ್ತೇನೆ ಎಂದು ಅವರೇ ಒಪ್ಪಿಕೊಂಡರು. ನಾನು ನಂಬಲಿಲ್ಲ.

ರಜೆಗೆ ಹೋದೆವು. ಅತ್ತೆಗೆ ವಯಸ್ಸಾಗಿತ್ತು, ಬಾಯಿ ಹಾಗೇ ಇತ್ತು. ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಲಸಂದಿ ಹಸನು ಮಾಡುತ್ತ ಕೂತಿದ್ದರು. ಭಾವ ಹೊಲದಿಂದ ಬಂದು ಹಗ್ಗ ಇಳಿಸುತ್ತಿದ್ದರು. ನೆರೆಮನೆಗೆ ಹೊಸದಾಗಿ ಬಂದಿದ್ದವರು ಒಳಗೆ ಬಂದು ನಾನು ಯಾರೆಂದು ಕೇಳಿದಾಗ ಅತ್ತೆ ತಲೆ ಎತ್ತದೆ ಹಳೆಯ ಹೆಸರನ್ನೇ ಹೇಳಿದರು. ನೆರೆಮನೆಯವರು ಹೋದರು. ನಾನು ಗಂಡನ ಕಡೆ ನೋಡಿದೆ. ಅವರು ಗಂಟಲು ಸರಿಮಾಡಿಕೊಂಡರು. "ಅವ್ವಾ, ಅವತ್ತ ನಾನ..." ಎಂದು ಶುರುಮಾಡಿ ಅಣ್ಣನ ಕಡೆ ನೋಡಿದರು. ಅವರ ಹಣೆಯಲ್ಲಿ ಬೆವರು ಕಂಡಿತು. ಪಾಪ ಎನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಮಾತನ್ನು ಅವರು ಹೇಳಿಬಿಟ್ಟರೆ ಅದು ಅವರದಾಗುತ್ತದೆ ಎನ್ನಿಸಿತು. ಫೋನಿಗೆ ನನ್ನನ್ನು ಕಳಿಸಿದ್ದು ಅವರಿರಬಹುದು. ಹೇಳಿದವಳು ನಾನು.

"ನನಗ ಇವರ ಜೋಡಿ ಇರಬೇಕಾಗಿತ್ರಿ ಅತ್ತಿ," ಎಂದೆ. "ಅದಕ್ಕ ಹಂಗ ಹೇಳಿದೆ."

ಭಾವ ಹಗ್ಗ ಕೈಯಲ್ಲಿ ಹಿಡಿದು ಹಾಗೇ ಹೊರಗೆ ಹೋದರು. ನೆಗೆಣ್ಣಿ ಒಳಗಿನಿಂದ ಇಣುಕಿದಳು. ನನ್ನ ಗಂಡ ನೆಲ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಅತ್ತೆಯ ಕೈ ಮೊರದ ಮೇಲೆ ನಿಂತಿತು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ.

ಅತ್ತೆ ಒಂದು ಕಲ್ಲು ಆರಿಸಿ ಪಕ್ಕಕ್ಕೆ ಎಸೆದರು. ಆಮೇಲೆ ಮೊರದೊಳಗೇ ನೋಡುತ್ತ ಹೇಳಿದರು.

"ನಿಮ್ಮ ಮಾವಾರು ಹರೇದ ದಿನಾನೆಲ್ಲಾ ಮುಂಬಯಿ ಮಿಲ್ಲಿನ್ಯಾಗ ಕಳದ್ರು. ನಾ ಒಂದ ಸಲಾನೂ ಹಂಗ ಅನ್ನಲಿಲ್ಲ."