ಬೌನ್ಸ್ ಅಂದ್ರೆ ಏನು ಮೇಷ್ಟ್ರೇ?

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಯಾರಾದರೂ ಒಂದು ಪದದ ಅರ್ಥ ಕೇಳಿದರೆ ಸಾಕು, ಅವರು ಎದ್ದು ಹೋಗುವವರೆಗೂ ಹೇಳುತ್ತಲೇ ಇರುತ್ತೇನೆ.

ಕನಕಪುರದ ನಮ್ಮ ಬೀದಿಯ ರತ್ನಮ್ಮ ಆಗತಾನೆ ಹಾರೋಹಳ್ಳಿಯಲ್ಲಿ ವಾಹನಗಳ ಸೀಟಿಗೆ ಫೋಮ್ ಮಾಡುವ ಫ್ಯಾಕ್ಟರಿಗೆ ಸೇರಿದ್ದಳು. ಮೂರು ತಿಂಗಳು ಟ್ರೈನಿಂಗ್, ಒಪ್ಪಿಗೆಯಾದರೆ ಕೆಲಸ ಖಾಯಂ. ಮನೆಯ ಹಿಪ್ಪುನೇರಳೆ ತೋಟ ಪಾಲಾಗಿ, ಉಳಿದ ಸೊಪ್ಪು ರೇಷ್ಮೆ ಹುಳುವಿಗೇ ಸಾಲದಾದಾಗ ಆಕೆ ನಂಬಿದ್ದು ಈ ಕೆಲಸವನ್ನೇ. ಒಂದು ಸಂಜೆ ತಪಾಸಣೆಯ ಹಾಳೆ ಹಿಡಿದು ಬಂದು, ಅದರಲ್ಲಿದ್ದ ‘ಬೌನ್ಸ್’ ಅಂದರೇನು ಎಂದು ಕೇಳಿದಳು.

ಕೇಳಬೇಕೆ! ಕ್ರಿಕೆಟ್ಟಿನ ಪಿಚ್ಚಿನಿಂದ ಹಿಡಿದು ಕನಕಪುರ ರಸ್ತೆಯ ಬಸ್ಸಿನ ಹಿಂದಿನ ಸೀಟಿನವರೆಗೆ ಉದಾಹರಣೆ ಕೊಟ್ಟೆ. ಸಾಲದೆಂದು ಮೊಮ್ಮಗಳ ರಬ್ಬರ್ ಚೆಂಡನ್ನು ಅಂಗಳದಲ್ಲಿ ಎತ್ತಿ ಕುಕ್ಕಿ ತೋರಿಸಿದೆ. ಅದು ಪುಟಿದು ಚರಂಡಿಗೆ ಬಿತ್ತು. ರತ್ನಮ್ಮ ಭಕ್ತಿಯಿಂದ ನೋಡುತ್ತಿದ್ದಳು.

ಮರುದಿನ ಬಸ್ಸಿಳಿದವಳೇ ನೇರ ನಮ್ಮ ಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು.

“ನೀವು ತೋರ್ಸ್ದಂಗೇ ಫೋಮ್‌ನ ನೆಲಕ್ಕೆ ಕುಕ್ದೆ ಮೇಷ್ಟ್ರೇ. ಎಲ್ಲಾ ನಕ್ಬುಟ್ರು. ಇನ್ನೊಂದ್ಸಲ ಹಿಂಗಾದ್ರೆ ಬರಬ್ಯಾಡ ಅಂತ ಸೂಪರ್‌ವೈಸರು ಅಂದವ್ರೆ.”

ನನಗೆ ನಾಚಿಕೆಯಾಯಿತು. ನಿಜವಾಗಿಯೂ ಸಂಕಟವಾಯಿತು. ಅಲ್ಲಿ ಮಾಡಬೇಕಾದದ್ದೇನು ಎಂದು ಆಗ ಕೇಳಿದೆ. ಅದುಮಿ ಬಿಟ್ಟರೆ ಮೊದಲಿನಂತೆ ಮೇಲೇಳುತ್ತದೆಯೇ ನೋಡಬೇಕಂತೆ, ಅಷ್ಟೆ. ಹೇಳುತ್ತ ಹೇಳುತ್ತ ರತ್ನಮ್ಮನಿಗೇ ನಗು ಬಂತು. ರೇಷ್ಮೆ ಗೂಡನ್ನು ಹೆಬ್ಬೆರಳಲ್ಲಿ ಅದುಮಿ ಗಟ್ಟಿಯೋ ಮೆತ್ತಗೋ ಎಂದು ಹೇಳುವುದನ್ನು ಆಕೆ ಲಂಗ ಉಡುವ ವಯಸ್ಸಿನಲ್ಲೇ ಕಲಿತಿದ್ದಳು.

ಮುಂದಿನ ವಾರ ಅದೇ ಹೆಬ್ಬೆರಳು ಒಂದು ರಾಶಿ ಫೋಮನ್ನು ತಡೆದು ನಿಲ್ಲಿಸಿತು. ಮೇಲ್ನೋಟಕ್ಕೆ ಎಲ್ಲ ಸರಿಯಾಗಿತ್ತು. ಸೂಪರ್‌ವೈಸರ್ ಬೈಯಲೆಂದೇ ಬಂದವನು ತಾನೂ ಅದುಮಿ ನೋಡಿದ. ಬಿದ್ದ ಗುಳಿ ಹಾಗೇ ಉಳಿಯಿತು. ಟ್ರೈನಿಂಗ್ ಮುಗಿದ ದಿನ ರತ್ನಮ್ಮನ ಕೆಲಸ ಖಾಯಮಾಯಿತು.

ಸಿಹಿ ಕೊಡಲು ಬಂದವಳು, ನಾನು ಇಪ್ಪತ್ತು ವರ್ಷ ಕೂತು ಅರ್ಥ ಹೇಳಿದ ಕುರ್ಚಿಯ ದಿಂಬನ್ನು ಸುಮ್ಮನೆ ಒಮ್ಮೆ ಅದುಮಿದಳು. ಅದು ಅದುಮಿದಲ್ಲೇ ಉಳಿಯಿತು.

“ಇದ್ನ ಪಾಸ್ ಮಾಡಕ್ಕಾಗಾಕಿಲ್ಲ ಮೇಷ್ಟ್ರೇ,” ಎಂದಳು.

ಆ ದಿಂಬನ್ನು ನಾನಿನ್ನೂ ಬದಲಿಸಿಲ್ಲ. ಈಗ ಯಾರಾದರೂ ಪದದ ಅರ್ಥ ಕೇಳಿದರೆ ಆ ಗುಳಿಯಲ್ಲಿ ಕೂತುಕೊಂಡು, “ಯಾವ ಕೆಲಸಕ್ಕೆ ಬೇಕು?” ಎಂದು ಮೊದಲು ನಾನೇ ಕೇಳುತ್ತೇನೆ.